ದೂರು ಕೊಡದ ಊರಿಗೆ ಕಾವಲು ಎಲ್ಲಿಂದ?

ಉಳ್ಳಾಲ, ತೊಕ್ಕೊಟ್ಟು, ದೇರಳಕಟ್ಟೆ ಎಂದ ಕೂಡಲೇ ಕೆಲವರ ಮುಖ ಬದಲಾಗುತ್ತದೆ. "ಅಲ್ಲಿಯಾ? ಅಲ್ಲಿ ಸ್ವಲ್ಪ ಜಾಗ್ರತೆ ಮಾರಾಯ್ರೆ" ಎನ್ನುತ್ತಾರೆ. ಬಾಡಿಗೆ ಮನೆ ಹುಡುಕುವಾಗ, ಮದುವೆ ಸಂಬಂಧ ನೋಡುವಾಗ, ಕೆಲಸದ ಸಂದರ್ಶನದಲ್ಲಿ ವಿಳಾಸ ಹೇಳುವಾಗ ಈ ಮಾತಿನ ಬೆಲೆಯನ್ನು ನಮ್ಮ ಮಕ್ಕಳು ತೆರುತ್ತಿದ್ದಾರೆ. ಇದಕ್ಕೆ ನಮ್ಮಲ್ಲಿರುವ ಉತ್ತರ ಎರಡೇ: ಒಂದೋ ಸಿಟ್ಟು, ಇಲ್ಲವೇ ಮೌನ. ಎರಡರಿಂದಲೂ ಬೀದಿ ಸುರಕ್ಷಿತವಾಗುವುದಿಲ್ಲ.

ಮೊದಲು ಅಂಕಿ-ಅಂಶದ ಮಾತು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವರದಿ ಅಪರಾಧದ ಪ್ರಮಾಣವನ್ನು ಒಂದು ಲಕ್ಷ ಜನಸಂಖ್ಯೆಗೆ ಎಷ್ಟು ಪ್ರಕರಣ ಎಂದು ಲೆಕ್ಕ ಹಾಕುತ್ತದೆ. ರಾಜ್ಯ ಮತ್ತು ದೊಡ್ಡ ನಗರಗಳ ಲೆಕ್ಕ ಅಲ್ಲಿ ಸಿಗುತ್ತದೆಯೇ ಹೊರತು, ಬಡಾವಣೆಗಳ ಲೆಕ್ಕ ಸಿಗುವುದಿಲ್ಲ. ಹಾಗಾಗಿ "ಇಂಥ ಏರಿಯಾವೇ ನಂಬರ್ ವನ್" ಎಂದು ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಮಾತಿಗೆ ಆ ವರದಿಯಲ್ಲಿ ಆಧಾರ ಇಲ್ಲ. ಕಾಲೇಜು, ಆಸ್ಪತ್ರೆಗಳಿಂದಾಗಿ ಬೆಳೆದ ದೇರಳಕಟ್ಟೆಯಂಥ ಕಡೆ ಪಿಜಿ, ಫ್ಲ್ಯಾಟುಗಳಲ್ಲಿ ಇರುವವರ ಸಂಖ್ಯೆ 2011ರ ಜನಗಣತಿಯಲ್ಲಿ ಇಲ್ಲವೇ ಇಲ್ಲ. ಹಳೆಯ ಜನಸಂಖ್ಯೆಯಿಂದ ಇಂದಿನ ಪ್ರಕರಣಗಳನ್ನು ಭಾಗಿಸಿದರೆ ಬರುವ ಉತ್ತರ ಊರಿನ ನಿಜ ಸ್ಥಿತಿ ಹೇಳುವುದಿಲ್ಲ.

ಆದರೆ ಇದೇ ಲೆಕ್ಕಕ್ಕೆ ಇನ್ನೊಂದು ಮುಖವೂ ಇದೆ, ಅದು ನಮಗೆ ಅಷ್ಟು ಹಿತವಾದದ್ದಲ್ಲ. ಎಫ್‌ಐಆರ್ ಆದರೆ ಮಾತ್ರ ಅಪರಾಧ ಲೆಕ್ಕಕ್ಕೆ ಬರುತ್ತದೆ. ದೂರು ಕೊಡದ ಕಳ್ಳತನ, ಒಳಗೊಳಗೇ ಮುಗಿಸಿದ ಹೊಡೆದಾಟ, ಮಾನಕ್ಕೆ ಅಂಜಿ ಮುಚ್ಚಿಟ್ಟ ಕಿರುಕುಳ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಪ್ರಕರಣ ದಾಖಲಾಗುವುದು ಹೆಚ್ಚಾದರೆ ಅಪರಾಧವೇ ಹೆಚ್ಚಾಯಿತು ಎಂದು ಅರ್ಥವಲ್ಲ. ಹಾಗೆಯೇ ದಾಖಲೆ ಕಡಿಮೆ ಇದ್ದ ಮಾತ್ರಕ್ಕೆ ಊರು ನೆಮ್ಮದಿಯಾಗಿದೆ ಎಂದೂ ಅಲ್ಲ.

ನಮ್ಮ ಮೊಹಲ್ಲಾಗಳಲ್ಲಿ ಗಂಡಸರು ಗಲ್ಫ್‌ನಲ್ಲಿರುವ ಮನೆಗಳು ಎಷ್ಟಿಲ್ಲ? ಉಮ್ಮ, ಸೊಸೆ, ಸಣ್ಣ ಮಕ್ಕಳು ಮಾತ್ರ ಇರುವ ಮನೆಯ ಹಿಂಬಾಗಿಲು ರಾತ್ರಿ ಯಾರೋ ತಳ್ಳಿದರೆ ಬೆಳಿಗ್ಗೆ ಬರುವ ಸಲಹೆ ಏನು? "ಏನೂ ಹೋಗಿಲ್ಲ ಅಲ್ವಾ, ಸ್ಟೇಷನ್ ರಗಳೆ ಯಾಕೆ ಬೇಕು?" ಆ ಕಳ್ಳ ಮುಂದಿನ ವಾರ ಮೂರನೇ ಮನೆಗೆ ಬರುತ್ತಾನೆ. ಅಲ್ಲಿಯೂ ಅದೇ ಸಲಹೆ. ಬೀಟ್ ಪೊಲೀಸರ ಪುಸ್ತಕದಲ್ಲಿ ಆ ರಸ್ತೆಯಲ್ಲಿ ಏನೂ ನಡೆದಿರುವುದಿಲ್ಲ, ಹಾಗಾಗಿ ರಾತ್ರಿ ಗಸ್ತು ಬೇರೆ ರಸ್ತೆಗೆ ಹೋಗುತ್ತದೆ. 2025ರ ಜನವರಿ 17ರಂದು ಕೆ.ಸಿ.ರೋಡ್‌ನ ಸಹಕಾರಿ ಸಂಘದ ಶಾಖೆಯಲ್ಲಿ ಹಾಡಹಗಲೇ ದರೋಡೆ ನಡೆದಾಗ ಸುದ್ದಿ ಕೂಡಲೇ ಠಾಣೆ ಮುಟ್ಟಿತು. ಕೆಲವೇ ದಿನಗಳಲ್ಲಿ ತಮಿಳುನಾಡಿನಲ್ಲಿ ಆರೋಪಿಗಳ ಬಂಧನವೂ ಆಯಿತು. ದೊಡ್ಡ ಪ್ರಕರಣಕ್ಕೆ ಸಿಗುವ ಗಮನ ಸಣ್ಣದಕ್ಕೆ ಸಿಗದು ಎಂಬುದು ಸರಿ. ಆದರೆ ಹೇಳದೇ ಇದ್ದರೆ ಸಣ್ಣ ಗಮನವೂ ಇಲ್ಲ.

ಠಾಣೆ ಎಂದರೆ ಅಂಜಿಕೆ ಇರುವುದು ಸುಮ್ಮನೆ ಅಲ್ಲ. ದೂರು ಕೊಡಲು ಹೋದವನನ್ನೇ ಆರೋಪಿಯಂತೆ ಕೂರಿಸಿದ ಅನುಭವ ನಮ್ಮಲ್ಲಿ ಹಲವರಿಗೆ ಇದೆ. ಅದಕ್ಕೇ ಕಾನೂನು ತಿಳಿದಿರಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಗಂಭೀರ ಅಪರಾಧದ ದೂರನ್ನು ಯಾವ ಠಾಣೆಯಲ್ಲೂ ಕೊಡಬಹುದು, "ಇದು ನಮ್ಮ ವ್ಯಾಪ್ತಿ ಅಲ್ಲ" ಎಂದು ವಾಪಸ್ ಕಳಿಸುವಂತಿಲ್ಲ. ಆನ್‌ಲೈನ್‌ನಲ್ಲೂ ಕೊಡಬಹುದು, ಮೂರು ದಿನದೊಳಗೆ ಹೋಗಿ ಸಹಿ ಹಾಕಿದರಾಯಿತು. ಎಫ್‌ಐಆರ್ ಪ್ರತಿ ಉಚಿತ. ತೆಗೆದುಕೊಳ್ಳದಿದ್ದರೆ ಮೇಲಧಿಕಾರಿಗೆ ಬರೆದು ಅಂಚೆಯಲ್ಲಿ ಕಳಿಸಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಬಳಿ ಹೋಗಬಹುದು. ಸಾಕ್ಷಿ ಹೇಳಲು ಹೆಂಗಸರನ್ನು, 60 ದಾಟಿದ ಹಿರಿಯರನ್ನು ಠಾಣೆಗೆ ಬರಲೇಬೇಕೆಂದು ಕರೆಸುವಂತಿಲ್ಲ, ಅವರು ಇರುವಲ್ಲಿಗೇ ಬಂದು ಕೇಳಬೇಕು. ಇದನ್ನು ಗಂಡಸರಿಲ್ಲದ ಪ್ರತಿ ಮನೆಗೂ ಹೇಳಿಕೊಡಬೇಕು.

ಇನ್ನು ಅಮಲು ಪದಾರ್ಥದ ವಿಷಯ. ಬೀದಿಯ ಭಯದ ದೊಡ್ಡ ಪಾಲು ಇಲ್ಲಿಂದಲೇ ಬರುತ್ತದೆ. ಮಗ ಸಿಕ್ಕಿಹಾಕಿಕೊಂಡಿದ್ದಾನೆ ಎಂದು ಗೊತ್ತಾದರೂ "ಚಿಕಿತ್ಸೆಗೆ ಕರಕೊಂಡು ಹೋದರೆ ಕೇಸ್ ಆಗುತ್ತೆ" ಎಂದು ಹೆತ್ತವರು ಮುಚ್ಚಿಡುತ್ತಾರೆ. ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಇದಕ್ಕೆ ವಿರುದ್ಧವಾದದ್ದನ್ನೇ ಹೇಳುತ್ತದೆ: ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣ ಇದ್ದರೂ, ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಪೂರ್ತಿ ಚಿಕಿತ್ಸೆ ಪಡೆದರೆ ಶಿಕ್ಷೆಯ ಕ್ರಮದಿಂದ ರಕ್ಷಣೆ ಇದೆ. ವ್ಯಸನಮುಕ್ತಿ ಸಹಾಯವಾಣಿ 14446. ಆದರೆ ಅದೇ ಹುಡುಗ ಮಾರಾಟಕ್ಕೆ ಇಳಿದರೆ ದಾರಿ ಬೇರೆ. ಎಂಡಿಎಂಎ 10 ಗ್ರಾಂ ದಾಟಿದರೆ ವಾಣಿಜ್ಯ ಪ್ರಮಾಣ, ಕನಿಷ್ಠ 10 ವರ್ಷ ಜೈಲು. ಮುಚ್ಚಿಟ್ಟ ಪ್ರತಿ ತಿಂಗಳೂ ಅವನನ್ನು ಅತ್ತ ತಳ್ಳುತ್ತದೆ. ಕಮಿಷನ್ ಆಸೆಗೆ ತನ್ನ ಬ್ಯಾಂಕ್ ಖಾತೆಯನ್ನು ಬೇರೆಯವರಿಗೆ ಕೊಡುವ ಹುಡುಗರ ಕಥೆಯೂ ಇದೇ. ವಂಚನೆಯ ಹಣ ಆ ಖಾತೆಗೆ ಬಂದರೆ ಪೊಲೀಸರು ಮೊದಲು ಬರುವುದು ಖಾತೆದಾರನ ಮನೆಗೆ. ಹಣ ಕಳಕೊಂಡವರು ತಡ ಮಾಡದೆ 1930ಕ್ಕೆ ಕರೆ ಮಾಡಬೇಕು.

ಪೊಲೀಸರಿಗೂ ನಮ್ಮದೊಂದು ಮಾತಿದೆ. ಬಡಾವಣೆಯ ಹೆಸರು ನೋಡಿ ಹುಡುಗರ ಬೈಕ್ ನಿಲ್ಲಿಸುವುದರಿಂದ ಮಾಹಿತಿ ಸಿಗುವುದಿಲ್ಲ, ಸಿಗುತ್ತಿದ್ದದ್ದೂ ನಿಂತುಹೋಗುತ್ತದೆ. ಬೀಟ್ ಸಿಬ್ಬಂದಿಯ ಹೆಸರು, ನಂಬರ್ ಪ್ರತಿ ಮನೆಗೆ ಗೊತ್ತಿರಬೇಕು. ಕೊಟ್ಟ ದೂರು ಏನಾಯಿತು ಎಂದು ಕೊಟ್ಟವರಿಗೆ ತಿಳಿಸಬೇಕು.

ಜಮಾಅತ್ ಕಮಿಟಿಗಳು ಕುಟುಂಬದ ಜಗಳ ಬಗೆಹರಿಸಲಿ, ಅದು ಒಳ್ಳೆಯ ಪದ್ಧತಿಯೇ. ಆದರೆ ಕಳ್ಳತನ, ಮಾದಕ ವಸ್ತು, ಹೆಣ್ಣುಮಕ್ಕಳ ಮೇಲಿನ ಕಿರುಕುಳ ಕಮಿಟಿಯ ಮೇಜಿನಲ್ಲಿ ಮುಗಿಯುವ ವಿಷಯ ಅಲ್ಲ. ದೂರು ಕೊಡಲು ಹೋಗುವವರ ಜೊತೆ ಕಮಿಟಿಯ ಇಬ್ಬರು ಹೋದರೆ ಅರ್ಧ ಅಂಜಿಕೆ ಅಲ್ಲೇ ಇಳಿಯುತ್ತದೆ. ಕೆಟ್ಟುಹೋದ ದಾರಿದೀಪಗಳ ಪಟ್ಟಿ ಮಾಡಿ ನಗರಸಭೆಗೆ ಕೊಡಲು ಒಂದು ಸಂಜೆ ಸಾಕು. ಪರವೂರಿಗೆ ಹೋಗುವಾಗ ನೆರೆಮನೆಗೂ ಬೀಟ್ ಪೊಲೀಸರಿಗೂ ಒಂದು ಮಾತು ಹೇಳುವುದು, ತುರ್ತಿಗೆ 112 ಒತ್ತಲು ಮನೆಯ ಮಕ್ಕಳಿಗೂ ಕಲಿಸುವುದು ಖರ್ಚಿಲ್ಲದ ಕೆಲಸ.

ಈ ತಿಂಗಳ ಕಮಿಟಿ ಸಭೆಯಲ್ಲಿ ಇದನ್ನೇ ಮೊದಲ ವಿಷಯವಾಗಿ ಇಡೋಣ. ನಮ್ಮ ಊರಿನ ಹೆಸರು ಕೆಡಿಸುವವರಿಗೆ ಉತ್ತರ ಕೊಡುವ ಮುಂಚೆ ನಮ್ಮ ಹಿಂಬಾಗಿಲ ಚಿಲಕ ಮುರಿದವನ ಮೇಲೆ ದೂರು ಕೊಡೋಣ.