ಫುಕಟ್ ಓದು, ನೂರೈವತ್ತು ಕ್ವಿಂಟಲ್ ತೊಗರಿ

ಬ್ಲಾಗಿಗೆ ಬಹಳ ದಿನದಿಂದ ರಜೆ ಕೊಟ್ಟಿದ್ದೆ. ಪರೀಕ್ಷೆ, ರೂಮು ಬದಲಾವಣೆ, ಜೊತೆಗೆ ಮಾಮೂಲಿ ಸೋಮಾರಿತನ... ಇವತ್ತು ಬರೆಯೋಕೆ ಕೂತಿರೋದು ಮಾತ್ರ ಸಿಟ್ಟಿನಿಂದ.

ಮೊನ್ನೆ ಭಾನುವಾರ ಊರಿಂದ ಕಾಕಾ ಫೋನ್ ಮಾಡಿದ್ದರು. ಊರು ಅಂದರೆ ತೆಂಗಳಿ. ಚಿತ್ತಾಪುರ, ಸೇಡಂ, ಶಹಾಬಾದ್ ಕಡೆಯವರು ಬಿಟ್ಟರೆ ನಿಮ್ಮಲ್ಲಿ ಯಾರಿಗೂ ಗೊತ್ತಿರಲಿಕ್ಕಿಲ್ಲ :) "ತಮ್ಮಾ, ಜರ್ಮನಿದಾಗ ಓದೂದು ಫುಕಟ್ ಅಂತಲ್ಲೋ! ಕಲಬುರಗಿದಾಗ ಒಬ್ಬಾಂವ ಆಫೀಸ್ ಹಾಕ್ಯಾನ. ಎರಡು ಲಕ್ಷ ಕಟ್ರಿ, ಉಳಿದದ್ದು ನಾ ನೋಡ್ಕೋತೀನಿ ಅಂದಾನ. ನಮ್ಮ ಹುಡುಗನ್ನ ಕಳಸ್ಲೇನು? ನೀನೂ ಹಂಗೇ ಹೋಗೀಯಲ್ಲ?"

ನಾನು ಹಂಗೆ ಬಂದಿಲ್ಲ. ಆದರೆ ಅದನ್ನ ಬಾಯಿಬಿಟ್ಟು ಹೇಳೋಕೆ ಆಗಲಿಲ್ಲ. "ಮುಂದಿನ ಐತವಾರ ಹೇಳ್ತೀನ್ರಿ ಕಾಕಾ" ಅಂತ ಫೋನ್ ಇಟ್ಟೆ.

ಈ 'ಫುಕಟ್' ಅನ್ನೋ ಮಾತಿನ ಮೇಲೇ ನನ್ನ ಜಗಳ. ಮಾತು ಪೂರ್ತಿ ಸುಳ್ಳಲ್ಲ. ಜರ್ಮನಿಯ ಬಹುತೇಕ ರಾಜ್ಯಗಳ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ. ನಾನಿರೋ ಮ್ಯಾಗ್ಡೆಬರ್ಗ್‌ನಲ್ಲೂ ಇಲ್ಲ, ಸೆಮಿಸ್ಟರಿಗೆ ಒಂದಿಷ್ಟು ಸೇವಾಶುಲ್ಕ ಕಟ್ಟಿದರೆ ಆಯ್ತು. (ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ 2017ರಲ್ಲೇ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಹಾಕಿತು. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ 2024ರ ಚಳಿಗಾಲದಿಂದ ಮಾಸ್ಟರ್ಸ್‌ಗೆ ಸೆಮಿಸ್ಟರಿಗೆ 4,000 ಅಥವಾ 6,000 ಯೂರೋ ಶುರು ಮಾಡಿತು. ಈ ಕಂಸದೊಳಗಿನ ಮಾತನ್ನ ಆ ಆಫೀಸಿನಾಂವ ಹೇಳೋದಿಲ್ಲ.)

ಹೇಳದೇ ಇರೋ ದೊಡ್ಡ ಮಾತು ಇನ್ನೊಂದಿದೆ. ಬ್ಲಾಕ್ಡ್ ಅಕೌಂಟ್! ವೀಸಾ ಬೇಕಂದರೆ ಒಂದು ವರ್ಷದ ಊಟ-ಬಾಡಿಗೆಯ ದುಡ್ಡು ಮೊದಲೇ ಖಾತೆಗೆ ಹಾಕಿ ತೋರಿಸಬೇಕು. 2019ಕ್ಕಿಂತ ಮೊದಲು ಅದು 8,640 ಯೂರೋ ಇತ್ತು. 2024ರ ಸೆಪ್ಟೆಂಬರಿನಿಂದ 11,904. ತಿಂಗಳಿಗೆ 992ರಂತೆ ನಮಗೇ ವಾಪಸ್ ಬರುತ್ತೆ, ಅಂದರೆ ಇದು ಫೀಸಲ್ಲ, ನಮ್ಮದೇ ದುಡ್ಡು. ಸರಿ. ಆದರೆ ಆ ದುಡ್ಡು ಮೊದಲು ಇರಬೇಕಲ್ಲ?

ತೆಂಗಳಿ ಲೆಕ್ಕ ಹಾಕೋಣ. ಯೂರೋಗೆ ನೂರು ರೂಪಾಯಿ ಹಿಡಿದರೂ ಹನ್ನೆರಡು ಲಕ್ಷದ ಹತ್ತಿರ. ತೊಗರಿಗೆ 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 8,000. ಹತ್ತಿರ ಹತ್ತಿರ ನೂರೈವತ್ತು ಕ್ವಿಂಟಲ್! ಕಾಕಾಗೆ ಹನ್ನೆರಡು ಎಕರೆ ಹೊಲ, ಎಲ್ಲಾ ಮಳೆ ನಂಬಿದ್ದು. ಎಕರೆಗೆ ನಾಲ್ಕು ಕ್ವಿಂಟಲ್ ಬಂದರೂ ಮೂರು ವರ್ಷದ ಪೂರ್ತಿ ಬೆಳೆ. ಬೀಜ, ಗೊಬ್ಬರ, ಆಳಿನ ಖರ್ಚು ಕಳೆಯದೇ, ಮೂರು ವರ್ಷ ಮನೆಮಂದಿ ಏನೂ ತಿನ್ನದೇ.

ಬ್ಯಾಂಕ್ ಸಾಲ ಇದೆಯಲ್ಲ ಅಂತೀರಾ? ಇಲ್ಲೇ ಇರೋದು ನಿಜವಾದ ಗಂಟು. ಏಳೂವರೆ ಲಕ್ಷ ದಾಟಿದರೆ ಬ್ಯಾಂಕಿನವರು ಆಸ್ತಿ ಒತ್ತೆ ಕೇಳ್ತಾರೆ. ಹೊಲ ಕೊಟ್ಟರೆ ಸಾಮಾನ್ಯವಾಗಿ ಒಲ್ಲೆ ಅಂತಾರೆ. ಯಾಕಂದರೆ ಸಾಲ ತೀರದಿದ್ದಾಗ ಕೋರ್ಟಿಗೆ ಹೋಗದೇ ಒತ್ತೆ ವಶಪಡಿಸಿಕೊಳ್ಳೋಕೆ ಬ್ಯಾಂಕುಗಳಿಗೆ ಇರೋ 2002ರ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸಲ್ಲ. ರೈತನ ಹೊಲ ಉಳಿಯಲಿ ಅಂತ ಇಟ್ಟ ಕಲಂ ಅದು, ಒಳ್ಳೇದೇ. ಆದರೆ ಅದೇ ಹೊಲದ ಮೇಲೆ ಬೆಳೆಸಾಲ ಸಿಗುತ್ತೆ, ಮಗನ ಓದಿಗೆ ಸಿಗಲ್ಲ. ಹಳ್ಳಿ ಮನೆ ಒತ್ತೆ ಇಡೋಣ ಅಂದರೆ ಪಂಚಾಯ್ತಿಯ ಇ-ಸ್ವತ್ತು ಕಾಗದ ಇರಲ್ಲ, ಇದ್ದರೂ ಬೆಲೆ ಬರಲ್ಲ. ಬೆಂಗಳೂರಲ್ಲಿ ಒಂದು ಥರ್ಟಿ-ಫಾರ್ಟಿ ಸೈಟು ಇದ್ದವನಿಗೆ ಜರ್ಮನಿ ಫ್ರೀ. ಹನ್ನೆರಡು ಎಕರೆ ಇದ್ದವನಿಗೆ ಅಲ್ಲ.

ನಾನು ಬಂದಿದ್ದು ಸೋದರಮಾವನ ಕಲಬುರಗಿ ಮನೆ ಒತ್ತೆ ಇಟ್ಟು. ಅತ್ತೆ ಸಹಿ ಹಾಕುವಾಗ ಒಂದು ಮಾತೂ ಆಡಲಿಲ್ಲ, ಪೆನ್ನು ಮಾತ್ರ ಬಹಳ ಹೊತ್ತು ಹಿಡಿದುಕೊಂಡೇ ಕೂತಿದ್ದರು. ಇದನ್ನ ನಾನು ಎಲ್ಲೂ ಬರೆದಿರಲಿಲ್ಲ. ಎಲ್ಬೆ ನದಿ ದಂಡೆ ಮೇಲೆ, ಹಿಮದಲ್ಲಿ ನಿಂತ ಫೋಟೋ ಮಾತ್ರ ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿದ್ದೆ. ಕಾಕಾ ನೋಡಿದ್ದು ಆ ಫೋಟೋ. ಆ ಆಫೀಸಿನಾಂವ ಸುಳ್ಳು ಹೇಳ್ತಾನೆ, ಅದು ಅವನ ಹೊಟ್ಟೆಪಾಡು. ಹೊರಗೆ ಓದೋ ನಾವು ಯಾಕೆ ಲೆಕ್ಕ ಮುಚ್ಚಿಡ್ತೀವಿ?

ಆ ಎರಡು ಲಕ್ಷದ ಕೆಲಸ ಏನು ಅಂತಲೂ ಹೇಳಿಬಿಡ್ತೀನಿ. ಸರ್ಕಾರಿ ವಿಶ್ವವಿದ್ಯಾಲಯಕ್ಕೆ ನಾವೇ ಅರ್ಜಿ ಹಾಕಬಹುದು. ಯೂನಿ-ಅಸಿಸ್ಟ್ ಮೂಲಕ ಆದರೆ ಮೊದಲನೇದಕ್ಕೆ 75 ಯೂರೋ, ಆಮೇಲಿನ ಒಂದೊಂದಕ್ಕೆ 30. ಏಜೆಂಟರಿಗೆ ಕಮಿಷನ್ ಬರೋದು ಖಾಸಗಿ ಕಾಲೇಜುಗಳಿಂದ. ಹಾಗಾಗಿ 'ಫುಕಟ್' ಅಂತ ಕರೆದು ಕೊನೆಗೆ ಕೈಗೆ ಕೊಡೋದು ಸಾವಿರಾರು ಯೂರೋ ಫೀಸಿನ ಖಾಸಗಿ ಸೀಟು.

ಬರಲೇಬೇಕು ಅನ್ನೋರಿಗೆ ನನಗೆ ಗೊತ್ತಿರೋ ನಾಲ್ಕು ಮಾತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರೂ ಪಾಸ್‌ಪೋರ್ಟಿನ ಹೆಸರೂ ಅಕ್ಷರಕ್ಕಕ್ಷರ ಒಂದೇ ಇರಲಿ. ನಮ್ಮ ಕಡೆ ಅಪ್ಪನ ಹೆಸರು, ಊರ ಹೆಸರು ಹಿಂದೆಮುಂದೆ ಆಗಿರುತ್ತೆ, ನಾನು ಅದಕ್ಕೇ ಎರಡು ತಿಂಗಳು ಅಲೆದೆ. 2022ರ ನವೆಂಬರಿನಿಂದ ಭಾರತೀಯರಿಗೆ ಎಪಿಎಸ್ ಪ್ರಮಾಣಪತ್ರ ಕಡ್ಡಾಯ ಆಗಿದೆ, ಶುಲ್ಕ 18,000 ರೂಪಾಯಿ. ಅದನ್ನ ಎಲ್ಲಕ್ಕಿಂತ ಮೊದಲು ಮಾಡಿಸಿ. ವೀಸಾಕ್ಕೆ ಬೆಂಗಳೂರಿಗೆ ಹೋಗಬೇಕು, ಸಂಜೆ ವಾಡಿಯಲ್ಲಿ ಉದ್ಯಾನ್ ಹತ್ತಿದರೆ ಬೆಳಗ್ಗೆ ಅಲ್ಲಿರ್ತೀರಿ. ಪಾರ್ಟ್‌ಟೈಮ್ ದುಡಿದು ಸಾಲ ತೀರಿಸ್ತೀನಿ ಅನ್ನೋ ಲೆಕ್ಕ ಬಿಡಿ. ವರ್ಷಕ್ಕೆ 140 ಪೂರ್ತಿ ದಿನ ಕೆಲಸ ಮಾಡೋಕೆ ಅನುಮತಿ ಇದೆ ನಿಜ, ಆದರೆ ಜರ್ಮನ್ ಬರದಿದ್ದರೆ ಅಂಗಡಿಯವನೂ ಸೇರಿಸಿಕೊಳ್ಳಲ್ಲ. ಬಂದಿದ್ದು ತಿಂಗಳ ಖರ್ಚಿಗೇ ಹೋಗುತ್ತೆ. ಆರೋಗ್ಯ ವಿಮೆಗೇ 140 ಯೂರೋ ಮೇಲೆ. ಟಿವಿ, ರೇಡಿಯೋ ಇಲ್ಲದ ಮನೆಗೂ ಪ್ರಸಾರ ಶುಲ್ಕ ಅಂತ ತಿಂಗಳಿಗೆ 18.36 ಯೂರೋ ಕೇಳಿ ಕಾಗದ ಬಂದಾಗ ನಾನು ಮೋಸದ ಕಾಗದ ಅಂತ ಹರಿದು ಹಾಕಿದ್ದೆ :(

ಇನ್ನೊಂದು ಮಾತು. ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಪರಿಶಿಷ್ಟ ಜಾತಿಯವರಿಗೆ ಮಾತ್ರ ಅಂತ ನಮ್ಮೂರಲ್ಲಿ ತಿಳಿದಿದ್ದಾರೆ. ಅಲೆಮಾರಿಗಳಿಗೆ, ಭೂರಹಿತ ಕೃಷಿ ಕಾರ್ಮಿಕರ ಮಕ್ಕಳಿಗೆ, ಸಾಂಪ್ರದಾಯಿಕ ಕುಶಲಕರ್ಮಿಗಳಿಗೂ ಅದರಲ್ಲಿ ಅವಕಾಶ ಇದೆ. ದೇಶಕ್ಕೆಲ್ಲ ವರ್ಷಕ್ಕೆ 125 ಸೀಟು ಅಷ್ಟೇ, ಆದರೂ ಸಾಲಕ್ಕಿಂತ ಮೊದಲು ಅಲ್ಲಿ ಅರ್ಜಿ ಹಾಕಿ.

ಹೊಲ ಇದ್ದೂ ದುಡ್ಡು ಇಲ್ಲದ ಕಾಕಾನಂಥವರಿಗೆ ಏನು? 371ಜೆ ಬಂತು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ, ರಸ್ತೆ-ಕಟ್ಟಡ ಆಗ್ತಿವೆ. ನಾನು ಕೇಳೋದು ದಾನ ಅಲ್ಲ. ಸರ್ಕಾರಿ ವಿಶ್ವವಿದ್ಯಾಲಯದ ಪ್ರವೇಶಪತ್ರ ಕೈಯಲ್ಲಿರೋ ಹುಡುಗ-ಹುಡುಗಿಯರ ಸಾಲಕ್ಕೆ ಮಂಡಳಿ ಬ್ಯಾಂಕಿಗೆ ಜಾಮೀನು ನಿಲ್ಲಲಿ. ಒಂದು ಸಮುದಾಯ ಭವನದ ದುಡ್ಡಿನ ಠೇವಣಿಯಲ್ಲಿ ಎಷ್ಟು ಜನಕ್ಕೆ ಜಾಮೀನು ಆಗುತ್ತೋ ಲೆಕ್ಕ ಹಾಕಿ.

ನಾಳೆ ಐತವಾರ. ಕಾಕಾಗೆ ಮೇಲಿನ ಲೆಕ್ಕ ಎಲ್ಲ ಹೇಳ್ತೀನಿ, ಮಾವನ ಮನೆ ಕಥೆ ಸಮೇತ. ಹೊಲದ ಪಹಣಿ ಇಟ್ಟುಕೊಂಡು ಹೊರದೇಶದ ಓದಿಗೆ ಸಾಲ ಕೊಟ್ಟ ಬ್ಯಾಂಕ್ ಶಾಖೆ ನಿಮಗೆ ಎಲ್ಲಾದರೂ ಗೊತ್ತಿದ್ದರೆ ಇವತ್ತೇ ಕೆಳಗೆ ಬರೆಯಿರಿ.