ಮಂಗಳೂರು ಭಾಷೆ ಅಲ್ಲ ಮಾರಾಯ್ರೆ!

ಬಾಯಿ ತಪ್ಪಿ 'ಹೋಯ್ಕ್' ಅಂದರೆ ಬೆಂಗಳೂರಿನ ಆಫೀಸಲ್ಲಿ ನಗುತ್ತಿದ್ದರು. 2022ರಲ್ಲಿ 'ಕಾಂತಾರ' ಬಂತು ನೋಡಿ, ನಕ್ಕವರೇ ಬಂದು "ನಿಮ್ ಭಾಷೆ ಸ್ವಲ್ಪ ಮಾತಾಡಿ" ಅಂದರು! ಖುಷಿಯಾಯ್ತು, ಸುಳ್ಳು ಹೇಳಲ್ಲ.

ಆದರೆ ಟಿವಿಯಲ್ಲೊಬ್ಬ ನಿರೂಪಕ ಅದನ್ನು 'ಮಂಗಳೂರು ಭಾಷೆ' ಅಂದುಬಿಟ್ಟ. ಅಲ್ಲ ಸ್ವಾಮಿ, ಬೈಂದೂರಿನಿಂದ ಬ್ರಹ್ಮಾವರದವರೆಗೆ ಮನೆಮನೆಯಲ್ಲಿ ಆಡೋದು ಕುಂದಾಪ್ರ ಕನ್ನಡ. ಬ್ರಹ್ಮಾವರ ದಾಟಿದರೆ ತುಳು ಸೀಮೆ. ರಿಷಬ್ ಶೆಟ್ಟಿಯವರ ಕೆರಾಡಿ ಇರೋದು ಕುಂದಾಪುರ ತಾಲೂಕಲ್ಲಿ. ಇಷ್ಟು ವಿಚಾರಿಸೋಕೂ ಪುರುಸೊತ್ತಿಲ್ವಾ?

ಬೈದು ಮುಗಿಸಿದ ಮೇಲೆ ನನ್ನದೇ ನೆನಪಾಯ್ತು. ಅಷ್ಟು ವರ್ಷ ಆಫೀಸಲ್ಲಿ ಅಮ್ಮನ ಫೋನ್ ಬಂದರೆ ಪಕ್ಕದವರಿಗೆ ಕೇಳಿಸಬಾರದೆಂದು ಪುಸ್ತಕದ ಕನ್ನಡದಲ್ಲಿ ಉತ್ತರಿಸುತ್ತಿದ್ದವನು ನಾನೇ. ಅಮ್ಮ ಒಂದು ಕ್ಷಣ ಸುಮ್ಮನಾಗಿ "ಹತ್ರ ಯಾರಾರೂ ಇದ್ರಾ?" ಅಂತ ಮೆಲ್ಲಗೆ ಕೇಳಿ ಫೋನ್ ಇಡುತ್ತಿದ್ದಳು...