ಟಾರು ನೀರು ಹೋಗುವುದೆಲ್ಲಿಗೆ?

ಶಿವರಾತ್ರಿ ಸಮೀಪಿಸಿತೆಂದರೆ ಬೆಂಗಳೂರಿನ ದಕ್ಷಿಣ ಭಾಗದ ಸಾಲುಮರಗಳು ಎಲೆ ಕಳಚತೊಡಗುತ್ತವೆ. ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಬೀದಿಗಳಲ್ಲಿ ಹೊಂಗೆಯ, ಮಳೆಮರದ ತರಗೆಲೆ ರಾಶಿ ಬೀಳುತ್ತದೆ. ಯುಗಾದಿಯ ನಂತರದ ಗಾಳಿಮಳೆಗೆ ಮುರಿದ ಕೊಂಬೆಗಳೂ, ಎಳನೀರು ಅಂಗಡಿಗಳ ಮುಂದೆ ಬೆಳೆಯುವ ಬುರುಡೆಗಳ ಗುಡ್ಡೆಯೂ ಅದಕ್ಕೆ ಸೇರುತ್ತವೆ. ಬಯಲಿನಲ್ಲಿ ಕಸ ಸುಡುವುದನ್ನು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ನಿಷೇಧಿಸಿದವು. ಅದೇ ವರ್ಷದ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದಕ್ಕೆ 5,000 ರೂಪಾಯಿ ದಂಡವನ್ನೂ ನಿಗದಿಪಡಿಸಿತು. ಆದರೂ ಮುಂಜಾನೆಯ ಹೊತ್ತು ರಸ್ತೆಯ ತಿರುವಿನಲ್ಲಿ ಹೊಗೆಯಾಡುವುದು ನಿಂತಿಲ್ಲ.

ಇದನ್ನೆಲ್ಲ ವ್ಯರ್ಥವಾಗಿ ಸುಡುವ ಬದಲು ಅನಿಲವಾಗಿ ಪರಿವರ್ತಿಸಿ ವಿದ್ಯುತ್ತನ್ನೋ ವಾಹನದ ಇಂಧನವನ್ನೋ ಪಡೆಯಬಾರದೇಕೆ ಎಂಬ ಪ್ರಶ್ನೆ ಸಹಜವಾದದ್ದೇ. ಶರಾವತಿಯ ವಿದ್ಯುತ್ತನ್ನುಂಡು ಬೆಳೆದ ನಗರ ತನ್ನ ಕಸದಿಂದಲೇ ಒಂದಿಷ್ಟು ಶಕ್ತಿಯನ್ನು ಪಡೆಯುವುದಾದರೆ ಮೊದಲು ಸಂತೋಷಪಡಬೇಕಾದವರು ಮಲೆನಾಡಿನವರು. ಆದರೆ 'ಶುದ್ಧ ಇಂಧನ' ಎಂಬ ಮಾತನ್ನು ಒಪ್ಪಿಕೊಳ್ಳುವ ಮುನ್ನ ಆ ಅನಿಲದೊಳಗೆ ಏನೇನಿದೆ ಎಂಬುದನ್ನು ನೋಡಬೇಕಾಗುತ್ತದೆ.

ಕಟ್ಟಿಗೆಯನ್ನು ಪೂರ್ತಿ ಉರಿಯಲು ಸಾಲದಷ್ಟು ಗಾಳಿ ಕೊಟ್ಟು ಕಾಯಿಸಿದಾಗ ಅದು ಅನಿಲವಾಗುತ್ತದೆ. ಅದರಲ್ಲಿ ಇಂಗಾಲದ ಮಾನಾಕ್ಸೈಡ್ ಮತ್ತು ಜಲಜನಕ ಸುಮಾರು ಐದನೆಯ ಒಂದರಷ್ಟು ಪಾಲು, ಒಂದೆರಡು ಪಾಲು ಮೀಥೇನ್. ಉಳಿದ ಬಹುಭಾಗ ಗಾಳಿಯಿಂದ ಬಂದ ಸಾರಜನಕ. ಗಾಳಿಯ ಬದಲು ಆಮ್ಲಜನಕವನ್ನೂ ಹಬೆಯನ್ನೂ ಬಳಸಿದರೆ ಸಾರಜನಕ ತಪ್ಪಿ, ಇಂಧನ ತಯಾರಿಕೆಗೆ ಬೇಕಾದ ಸಿನ್‌ಗ್ಯಾಸ್ ದೊರೆಯುತ್ತದೆ. ವಿದ್ಯೆ ಹೊಸದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದಾದಾಗ ಬಸ್ಸುಗಳ ಬೆನ್ನಿಗೆ ಇದ್ದಲಿನ ಕುಲುಮೆ ಕಟ್ಟಿ ಓಡಿಸಿದ್ದನ್ನು ಹಿರಿಯರು ಹೇಳುತ್ತಿದ್ದರು. ಅಂದು ಸೌದೆಯನ್ನು ಬಿಟ್ಟು ಇದ್ದಲನ್ನೇ ಹಾಕುತ್ತಿದ್ದುದರ ಕಾರಣವೂ ಕೊಳೆಯೇ: ಸೌದೆಯನ್ನು ಇದ್ದಲು ಮಾಡುವಾಗಲೇ ಟಾರಿನ ಬಹುಪಾಲು ಹೊರಟುಹೋಗಿರುತ್ತದೆ.

ಕರ್ನಾಟಕದಲ್ಲಿ ಈ ವಿದ್ಯೆಗೆ ಗಂಭೀರ ರೂಪ ಬಂದದ್ದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. 1974ರಲ್ಲಿ ಅಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದ ಪ್ರಯತ್ನದಿಂದ 1988ರಲ್ಲಿ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಗೆ ಕಟ್ಟಿಗೆಯ ಅನಿಲದಿಂದ ನಡೆಯುವ 3.7 ಕಿಲೋವಾಟ್‌ನ ಪುಟ್ಟ ಸ್ಥಾವರ ಬಂದಿತು. ಮುಂದೆ ಅದು 20 ಕಿಲೋವಾಟ್‌ಗೆ ಏರಿತು. ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿ ಎಲ್ಲವೂ ಅದರಿಂದ ನಡೆದವು. 2007ರ ಹೊತ್ತಿಗೆ ಕೊರಟಗೆರೆ ತಾಲ್ಲೂಕಿನ ಕಬ್ಬಿಗೆರೆಯಲ್ಲಿ 500 ಕಿಲೋವಾಟ್‌ನ ಸ್ಥಾವರವೂ ಎದ್ದಿತು. ಈ ಎರಡು ಊರುಗಳ ಅನುಭವ ಅಮೂಲ್ಯವಾದದ್ದು. ಆದರೆ ಅಲ್ಲಿ ಬಳಸಿದ್ದು ಬೆಳೆಸಿ, ಕಡಿದು, ಒಣಗಿಸಿ, ತುಂಡು ಮಾಡಿದ ಕಟ್ಟಿಗೆಯನ್ನು. ಬೀದಿಯ ಕಸವನ್ನಲ್ಲ.

ಅನಿಲದ ಕೊಳೆಗಳಲ್ಲಿ ಮುಖ್ಯವಾದದ್ದು ಟಾರು. ಮಲೆನಾಡಿನ ಅಡಿಗೆಮನೆಯ ತೊಲೆಗಳಿಗೆ ಅಂಟಿರುವ ಕಪ್ಪು ಮೆತ್ತನ್ನು ನೋಡಿದವರಿಗೆ ಇದರ ಸ್ವಭಾವವನ್ನು ವಿವರಿಸಬೇಕಿಲ್ಲ. ಬಿಸಿಯಾಗಿರುವಾಗ ಆವಿ, ತಣಿದರೆ ಅಂಟು. ಎಂಜಿನ್ನಿಗೆ ಅನಿಲವನ್ನು ತಣಿಸಿಯೇ ಕೊಡಬೇಕು. ತಣಿಸಿದೊಡನೆ ಟಾರು ಕೊಳವೆಗೆ, ಕವಾಟಕ್ಕೆ ಕಚ್ಚಿಕೊಳ್ಳುತ್ತದೆ. ಅನಿಲ ಮೇಲ್ಮುಖವಾಗಿ ಹೊರಬೀಳುವ ಕುಲುಮೆಗಳಲ್ಲಿ ಪ್ರತಿ ಘನಮೀಟರಿಗೆ ಸುಮಾರು 50 ಗ್ರಾಂ ಟಾರು ಇರುತ್ತದೆ. ಅನಿಲ ಕೆಳಮುಖವಾಗಿ ಕೆಂಡದ ಹಾಸಿನೊಳಗಿಂದಲೇ ಹಾಯ್ದು ಬರುವಂತೆ ಮಾಡಿದರೆ ಟಾರು ಅಲ್ಲೇ ಒಡೆದು ಒಂದು ಗ್ರಾಂ ಆಸುಪಾಸಿಗೆ ಇಳಿಯುತ್ತದೆ. ವಿಜ್ಞಾನ ಸಂಸ್ಥೆಯ ಕುಲುಮೆ ಈ ಜಾತಿಯದು. ಆದರೂ ಎಂಜಿನ್ ಸಹಿಸುವುದು ಹೆಚ್ಚೆಂದರೆ 100 ಮಿಲಿಗ್ರಾಂ. ಉಳಿದದ್ದನ್ನು ತೊಳೆದು ತೆಗೆಯಲೇಬೇಕು.

ಮಿಕ್ಕ ಕೊಳೆಗಳು ಹಾಕುವ ಪದಾರ್ಥದಿಂದಲೇ ಬರುತ್ತವೆ. ತೊಗಟೆ ಕಡಿಮೆಯಿರುವ ಒಳ್ಳೆಯ ಸೌದೆಯಲ್ಲಿ ಬೂದಿ ನೂರಕ್ಕೆ ಒಂದರಷ್ಟು. ತರಗೆಲೆಯಲ್ಲಿ ಅದರ ಹಲವು ಪಟ್ಟು, ಬೀದಿಯ ಮಣ್ಣು ಬೆರೆತರೆ ಇನ್ನೂ ಹೆಚ್ಚು. ಎಲೆಯಲ್ಲಿರುವ ಪೊಟ್ಯಾಸಿಯಂ ಬೂದಿಯನ್ನು ಬೇಗ ಕರಗಿಸಿ ಕುಲುಮೆಯೊಳಗೆ ಕಿಟ್ಟ ಕಟ್ಟಿಸುತ್ತದೆ. ಎಲೆಯ ಸಾರಜನಕ ಅಮೋನಿಯಾ ಆಗಿ, ಸ್ವಲ್ಪ ಭಾಗ ಸಯನೈಡ್ ಆಗಿ ಅನಿಲವನ್ನು ಸೇರುತ್ತದೆ. ತೆಂಗಿನ ಸಿಪ್ಪೆಯಲ್ಲಿ ಪೊಟ್ಯಾಸಿಯಮ್ಮಿನ ಜೊತೆಗೆ ಕ್ಲೋರಿನ್ ಕೂಡ ಧಾರಾಳ. ಅದು ಹೈಡ್ರೋಕ್ಲೋರಿಕ್ ಆಮ್ಲವಾಗಿ ಲೋಹವನ್ನು ತಿನ್ನುತ್ತದೆ. ಇನ್ನು ಕಸದೊಳಗೆ ಪಿವಿಸಿ ಚೂರುಗಳು ಸೇರಿದರಂತೂ ಹೇಳುವುದೇ ಬೇಡ. ಒಣಕಸ, ಹಸಿಕಸ, ಅಪಾಯಕಾರಿ ಕಸಗಳನ್ನು ಮನೆಯಲ್ಲೇ ಬೇರ್ಪಡಿಸಿ ಎರಡು ಬುಟ್ಟಿ, ಒಂದು ಚೀಲದಲ್ಲಿ ಕೊಡಬೇಕೆಂದು ಉಚ್ಚ ನ್ಯಾಯಾಲಯ 2015ರ ಡಿಸೆಂಬರಿನಲ್ಲಿ ಆದೇಶಿಸಿತ್ತು. ಅನಿಲದ ಶುದ್ಧಿ ಆರಂಭವಾಗುವುದು ಸ್ಥಾವರದಲ್ಲಲ್ಲ, ಆ ಬುಟ್ಟಿಯ ಬಳಿ.

ಬಳಕೆ ಮೇಲೇರಿದಂತೆ ಅನಿಲದ ಮಡಿಯೂ ಹೆಚ್ಚುತ್ತದೆ. ಮೆಥನಾಲ್ ತಯಾರಿಸುವ ತಾಮ್ರದ ವೇಗವರ್ಧಕ ಕೆಡಲು ಕೋಟಿಗೆ ಒಂದು ಪಾಲಿಗಿಂತ ತುಸು ಹೆಚ್ಚು ಗಂಧಕ ಸಾಕು. ಇಂಧನಕೋಶದಿಂದ ಓಡುವ ಬಸ್ಸಿನ ಜಲಜನಕದಲ್ಲಿ ಇಂಗಾಲದ ಮಾನಾಕ್ಸೈಡ್ ಕೋಟಿಗೆ ಎರಡು ಪಾಲನ್ನು, ಗಂಧಕ ನೂರು ಕೋಟಿಗೆ ನಾಲ್ಕು ಪಾಲನ್ನು ಮೀರಬಾರದೆಂಬುದು ಅಂತರರಾಷ್ಟ್ರೀಯ ಮಾನಕ. ಎಂಜಿನ್ನಿಗೆ ಆಹಾರವಾಗಿದ್ದ ಮಾನಾಕ್ಸೈಡೇ ಇಲ್ಲಿ ವಿಷ! ಒಂದು ಕಿಲೋ ಒಣ ಜೈವಿಕ ಪದಾರ್ಥದಿಂದ 100 ಗ್ರಾಂ ಜಲಜನಕ ಪಡೆಯಬಹುದೆಂದು ವಿಜ್ಞಾನ ಸಂಸ್ಥೆಯ ತಂಡ 2023ರಲ್ಲಿ ಪ್ರಕಟಿಸಿತು. ಪದಾರ್ಥದಲ್ಲೇ ಇರುವ ಸುಮಾರು 60 ಗ್ರಾಂ ಜೊತೆಗೆ ಉಳಿದದ್ದು ಹಬೆಯಿಂದ ಬರುತ್ತದೆ. ಮೆಚ್ಚತಕ್ಕ ಸಾಧನೆ. ಆದರೆ ಅದನ್ನು ತೋರಿಸಿ ಜಯನಗರದ ಎಲೆಯಿಂದ ಬಸ್ಸು ಓಡಿಸಬಹುದು ಎಂದು ಹೇಳುವವರು, ನಡುವಿನ ಶುದ್ಧೀಕರಣದ ಮೆಟ್ಟಿಲುಗಳಿಗೆ ಆಗುವ ವೆಚ್ಚವನ್ನೂ ಹೇಳಬೇಕು.

ತೊಳೆದು ತೆಗೆದ ಕೊಳೆ ಮಾಯವಾಗುವುದಿಲ್ಲ, ನೀರಿಗೆ ಸೇರುತ್ತದೆ. ಅಡಿಕೆಯ ಚೊಗರಿನ ಬಣ್ಣದ ಆ ನೀರಿನಲ್ಲಿ ಫಿನಾಲ್, ನ್ಯಾಫ್ತಲೀನ್, ಅಮೋನಿಯಾಗಳಿರುತ್ತವೆ. ಸಂಸ್ಕರಿಸದೆ ಬಿಟ್ಟರೆ ಮೀನಿಗೂ, ಮಣ್ಣಿನ ಸೂಕ್ಷ್ಮಜೀವಿಗಳಿಗೂ ಕೇಡು. ಬಿಟಿಎಂ ಬಡಾವಣೆಯ ಮಗ್ಗುಲಿನ ಮಡಿವಾಳ ಕೆರೆಯ ಕೋಡಿ ನೀರು ಅಗರದ ಮೂಲಕ ಬೆಳ್ಳಂದೂರಿಗೆ ಹೋಗುತ್ತದೆ. ನೊರೆಯುಕ್ಕಿ, 2018ರಲ್ಲಿ ಬೆಂಕಿಯನ್ನೂ ಕಂಡ ಬೆಳ್ಳಂದೂರು ಕೆರೆಗೆ ಇನ್ನೊಂದು ವಿಷದ ತೊರೆ ಬೇಕಿಲ್ಲ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯನ್ನು ನಿವಾಸಿಗಳು 2010ರಿಂದೀಚೆಗೆ ಟ್ರಸ್ಟ್ ಕಟ್ಟಿಕೊಂಡು ಕಾಪಾಡಿಕೊಂಡು ಬಂದದ್ದು ಇಂಥ ನೀರನ್ನು ಬರಮಾಡಿಕೊಳ್ಳಲಿಕ್ಕಲ್ಲ. ಸ್ಥಾವರದ ಯೋಜನಾ ವರದಿಯಲ್ಲಿ ಎಷ್ಟು ಯೂನಿಟ್ ವಿದ್ಯುತ್ ಎಂಬ ಅಂಕಿಗಿಂತ ಮೊದಲು ಹುಡುಕಬೇಕಾದದ್ದು ಈ ನೀರಿನ ಲೆಕ್ಕವನ್ನು.

ಹಾಗಾದರೆ ಅನಿಲೀಕರಣ ಬೇಡವೆ? ಬೇಕು, ಅದು ಸಲ್ಲುವ ಕಡೆ. ಅನಿಲವನ್ನು ತಣಿಸದೆ ಬಿಸಿಯಿರುವಾಗಲೇ ಒಲೆಗೆ ಹಾಯಿಸಿದರೆ ಟಾರು ಕೂಡ ಉರಿದು ಶಾಖವಾಗುತ್ತದೆ. ತೊಳೆಯುವ ತೊಡಕೇ ಬಹುಪಾಲು ಇಲ್ಲ. ಹರಿಹರದಲ್ಲಿ ಚೆಂಡುಹೂ ಒಣಗಿಸಲು ಡೀಸೆಲ್ ಬದಲು ಇಂಥ ಶಾಖವನ್ನು ಬಳಸಿದ್ದುಂಟು. ತಮಿಳುನಾಡಿನ ಅನೇಕ ಪಟ್ಟಣಗಳಲ್ಲಿ ಚಿತಾಗಾರಗಳು ಹೀಗೆಯೇ ನಡೆಯುತ್ತವೆ. ದಕ್ಷಿಣ ಬೆಂಗಳೂರಿನ ಮುರಿದ ಕೊಂಬೆಗಳನ್ನು ಒಣಗಿಸಿ, ಕಲ್ಯಾಣ ಮಂಟಪಗಳ, ದೊಡ್ಡ ಹೋಟೆಲುಗಳ ಅಡಿಗೆ ಒಲೆಗಳಿಗೆ ಹೊಂದಿಸುವುದು ವಿದ್ಯುತ್ತಿಗಿಂತ ವಿವೇಕದ ದಾರಿ. ಒಲೆಯಿರುವ ಕೋಣೆಯಲ್ಲಿ ಗಾಳಿಯಾಡಬೇಕು. ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ತರಗೆಲೆಗೆ ಕುಲುಮೆಯ ಹಂಗೇ ಬೇಡ. ಸೊಪ್ಪಿನ ಬೆಟ್ಟದ ದರಕನ್ನು ತಲೆಹೊರೆಯಲ್ಲಿ ತಂದು ತೋಟಕ್ಕೆ ಹಾಸುವ ಮಲೆನಾಡಿನವರ ಕಣ್ಣಿಗೆ ಅದು ಕಸವೇ ಅಲ್ಲ. ಕುಲುಮೆಯಲ್ಲಿ ಕಿಟ್ಟವಾಗುವ ಅದೇ ಪೊಟ್ಯಾಸಿಯಂ, ಅಮೋನಿಯಾ ಆಗುವ ಅದೇ ಸಾರಜನಕ ಮಣ್ಣಿನಲ್ಲಿ ಗೊಬ್ಬರ. ಪ್ರತಿ ಉದ್ಯಾನದ ಮೂಲೆಯಲ್ಲಿ ಒಂದು ಎಲೆಗೊಬ್ಬರದ ತೊಟ್ಟಿಯಿದ್ದರೆ ಸಾಕು.

2025ರ ಸೆಪ್ಟೆಂಬರಿನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಜಾಗಕ್ಕೆ ಐದು ನಗರ ಪಾಲಿಕೆಗಳು ಬಂದಿವೆ. ದಕ್ಷಿಣದ ಪಾಲಿಕೆಯ ಮುಂದೆ ಇಂಥ ಸ್ಥಾವರದ ಪ್ರಸ್ತಾವ ಎಂದಾದರೂ ಬಂದಲ್ಲಿ ಇನ್ನೊಂದು ಲೆಕ್ಕವನ್ನೂ ಇಟ್ಟುಕೊಳ್ಳಬೇಕು. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಒಂದು ಕಿಲೋಗಿಂತ ತುಸು ಹೆಚ್ಚು ಒಣ ಸೌದೆ ಬೇಕು. ಒಂದು ಮೆಗಾವಾಟ್ ಸ್ಥಾವರ ಹಗಲಿರುಳು ನಡೆದರೆ ದಿನಕ್ಕೆ 25 ಟನ್ನಿಗೂ ಮೇಲೆ. ಎಲೆ ಉದುರುವುದು ವರ್ಷದಲ್ಲಿ ಮೂರು ತಿಂಗಳು, ಕೊಂಬೆ ಮುರಿಯುವುದು ಗಾಳಿ ಬಂದಾಗ. ಉಳಿದ ದಿನಗಳ ಸೌದೆ ಯಾವ ಘಟ್ಟದಿಂದ, ಯಾರ ಲಾರಿಯಲ್ಲಿ ಬರುತ್ತದೆ ಎಂಬುದನ್ನು ಒಪ್ಪಂದಕ್ಕೆ ಸಹಿ ಬೀಳುವ ಮೊದಲೇ ಕೇಳಬೇಕು.